ಸೀಟು ಸಿಕ್ಕ ಮೇಲೂ ಪರೀಕ್ಷೆಯೇ?

“ಸೀಟು ಸಿಕ್ಕಾಯ್ತಲ್ಲ, ಇನ್ಯಾತರ ಪರೀಕ್ಷೆ?”

ಅಮೆರಿಕದ ಕಾಲೇಜಿಗೆ ಹೊರಟಿದ್ದ ಮೊಮ್ಮಗ ಜುಲೈನ ಒಂದು ಸಂಜೆ ಲ್ಯಾಪ್‌ಟಾಪ್ ಮುಂದೆ ಕೂತು ಲೆಕ್ಕ ಬಿಡಿಸುತ್ತಿದ್ದಾಗ ನಮ್ಮ ದೊಡ್ಡಮ್ಮ ಕೇಳಿದ ಪ್ರಶ್ನೆ ಇದು. ಅವರ ಪ್ರಕಾರ ಪರೀಕ್ಷೆಯ ತಾಪತ್ರಯವೆಲ್ಲ ಹೊಸ್ತಿಲಿನ ಆಚೆಗೇ ಮುಗಿಯಬೇಕು. ಪಿಯುಸಿ ಆಯಿತು, ಸಿಇಟಿ ಆಯಿತು, ರ‍್ಯಾಂಕ್ ಬಂತು, ಸೀಟು ಸಿಕ್ಕಿತು. ಒಳಗೆ ಹೋದವರಿಗೆಲ್ಲ ಒಂದೇ ಫಸ್ಟ್ ಸೆಮ್, ಒಂದೇ ಎಂ-ಒನ್. ನೂರಕ್ಕೆ ನೂರು ತೆಗೆದವನೂ ಮೂವತ್ತೈದಕ್ಕೆ ದಾಟಿಕೊಂಡವನೂ ಅಕ್ಕಪಕ್ಕ ಕೂತು ಅದೇ ಪಾಠ ಕೇಳುತ್ತಾರೆ.

ಅವನು ಬರೆಯುತ್ತಿದ್ದದ್ದು ಪ್ಲೇಸ್‌ಮೆಂಟ್ ಟೆಸ್ಟ್. ಹೆಸರೇ ದಾರಿ ತಪ್ಪಿಸುತ್ತದೆ. ನಮ್ಮಲ್ಲಿ ಪ್ಲೇಸ್‌ಮೆಂಟ್ ಎಂದರೆ ಕೊನೆಯ ವರ್ಷ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕಂಪನಿಯವರ ಮುಂದೆ ಕೂರುವುದು. ಅಲ್ಲಿ ಅದು ಮೊದಲ ಕ್ಲಾಸಿಗೂ ಮೊದಲಿನ ಮಾತು. ಬಂದ ಹುಡುಗನನ್ನು ಯಾವ ಬೆಂಚಿನಲ್ಲಿ ಕೂರಿಸಬೇಕು? ಮಾಮೂಲಿ ಕೋರ್ಸಿನಲ್ಲೋ, ಒಂದು ಮೆಟ್ಟಿಲು ಮೇಲೋ, ಎರಡು ಮೆಟ್ಟಿಲು ಕೆಳಗೋ? ಇದರ ಅಣ್ಣತಮ್ಮನಂಥದ್ದು ಪರೀಕ್ಷೆಯಿಂದ ಸಿಗುವ ಕ್ರೆಡಿಟ್: ಹೈಸ್ಕೂಲಿನಲ್ಲಿದ್ದಾಗಲೇ ಒಂದು ಪರೀಕ್ಷೆ ಪಾಸು ಮಾಡಿದರೆ ಕಾಲೇಜಿನ ಒಂದು ಕೋರ್ಸು ಓದದೆಯೇ ಓದಿದ ಲೆಕ್ಕ. ಎರಡೂ ಕೇಳುವುದು ಒಂದೇ ಪ್ರಶ್ನೆ, ನಿನಗೆ ಈಗಾಗಲೇ ಏನು ಗೊತ್ತು ಎಂದು. ಆದರೆ ಆ ಪ್ರಶ್ನೆಯಿಂದ ಒಬ್ಬನಿಗೆ ಒಂದು ವರ್ಷ ಉಳಿದಿದೆ, ಇನ್ನೊಬ್ಬನ ಒಂದು ವರ್ಷ ಹೋಗಿದೆ. ಯಾರಿಗೆ ಯಾವುದು ಎಂಬುದನ್ನು ಬರೀ ಜಾಣತನ ತೀರ್ಮಾನಿಸಲಿಲ್ಲ ಎನ್ನುವುದಕ್ಕೇ ಈ ಕಥೆ ಹೇಳಬೇಕಾಗಿದೆ.

ಅನುಮಾನ ಶುರುವಾದದ್ದು ಹಾರ್ವರ್ಡ್‌ನಲ್ಲಿ. 1874ರಲ್ಲಿ ಅಲ್ಲಿ ಪ್ರವೇಶಕ್ಕೆ ಇಂಗ್ಲಿಷಿನಲ್ಲಿ ಒಂದು ಪುಟ್ಟ ಪ್ರಬಂಧ ಬರೆಯಬೇಕೆಂದು ನಿಯಮ ಮಾಡಿದರು. ಒಳ್ಳೊಳ್ಳೆಯ ಶಾಲೆಗಳಿಂದ, ಒಳ್ಳೊಳ್ಳೆಯ ಮನೆಗಳಿಂದ ಬಂದ ಹುಡುಗರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಫೇಲು. ಮಾತೃಭಾಷೆಯಲ್ಲಿ! ಹಾಗಂತ ಅಷ್ಟೂ ಮಂದಿಯನ್ನು ವಾಪಸ್ ಕಳಿಸಿದರೆ ಕಾಲೇಜು ನಡೆಯಬೇಕಲ್ಲ. ಒಳಗೆ ಸೇರಿಸಿಕೊಂಡು, ಕಲಿಸಿ, ಮುಂದೆ ಬಿಡುವ ದಾರಿ ಹಿಡಿದರು. 1885ರ ಹೊತ್ತಿಗೆ ‘ಇಂಗ್ಲಿಷ್ ಎ’ ಎಂಬ ಕೋರ್ಸು ಮೊದಲ ವರ್ಷಕ್ಕೆ ಬಂದು ಕೂತಿತು. ಶಾಲೆ ಕೊಟ್ಟ ಸರ್ಟಿಫಿಕೇಟನ್ನು ಕಾಲೇಜು ಪೂರ್ತಿ ನಂಬಲಿಲ್ಲ, ಪೂರ್ತಿ ತಳ್ಳಿಹಾಕಲೂ ಇಲ್ಲ. ಆ ಅರೆನಂಬಿಕೆ ಇವತ್ತಿಗೂ ಹಾಗೇ ಇದೆ.

ಕ್ರೆಡಿಟ್ ಎಂಬ ಅಳತೆ ಎಲ್ಲಿಂದ ಬಂತು ಎಂಬುದು ಇನ್ನೂ ಸ್ವಾರಸ್ಯದ್ದು. ಅದರ ಮೂಲ ಪಾಠದಲ್ಲಿಲ್ಲ, ಮೇಷ್ಟ್ರ ಪಿಂಚಣಿಯಲ್ಲಿದೆ. 1905ರಲ್ಲಿ ಉಕ್ಕಿನ ದೊರೆ ಆಂಡ್ರೂ ಕಾರ್ನೆಗಿ ಪ್ರಾಧ್ಯಾಪಕರ ನಿವೃತ್ತಿ ವೇತನಕ್ಕೆಂದು ಒಂದು ಕೋಟಿ ಡಾಲರ್ ತೆಗೆದಿಟ್ಟ. ಹಣ ಹಂಚಲು ಕಾಲೇಜು ಅಂದರೆ ಯಾವುದು, ಹೈಸ್ಕೂಲು ಅಂದರೆ ಯಾವುದು ಎಂದು ಗೆರೆ ಎಳೆಯಬೇಕಾಯಿತು. ಒಂದು ವಿಷಯವನ್ನು ವರ್ಷವಿಡೀ ಸುಮಾರು 120 ಗಂಟೆ ಕಲಿತರೆ ಒಂದು ಯೂನಿಟ್. ಅಂಥ 14 ಯೂನಿಟ್ ಇದ್ದವರನ್ನು ಮಾತ್ರ ಸೇರಿಸಿಕೊಳ್ಳುವ ಕಾಲೇಜಿಗೆ ಪಿಂಚಣಿ ಎಂದರು. ಪಿಂಚಣಿ ಬೇಡ ಎನ್ನುವ ಮೇಷ್ಟ್ರುಂಟೇ? ಗಂಟೆಯಲ್ಲಿ ಓದನ್ನು ಅಳೆಯುವ ಪದ್ಧತಿ ಕೆಲವೇ ವರ್ಷಗಳಲ್ಲಿ ದೇಶವೆಲ್ಲ ಹಬ್ಬಿತು. ಇಂದು ಅಲ್ಲಿ ಪದವಿಗೆ ಸಾಮಾನ್ಯವಾಗಿ 120 ಕ್ರೆಡಿಟ್, ಒಂದು ಕೋರ್ಸಿಗೆ ಮೂರೋ ನಾಲ್ಕೋ.

ಕೂತ ಗಂಟೆಯನ್ನು ಎಣಿಸಬೇಡಿ, ಗೊತ್ತಿರುವುದನ್ನು ನೋಡಿ ಎಂದು ಮೊದಲು ಗಟ್ಟಿಯಾಗಿ ಹೇಳಿದ್ದು ಶಿಕಾಗೊ ವಿಶ್ವವಿದ್ಯಾಲಯ. ರಾಬರ್ಟ್ ಹಚಿನ್ಸ್ ಅಧ್ಯಕ್ಷರಾಗಿದ್ದ ಕಾಲ. 1931ರ ಹೊಸ ಯೋಜನೆಯಲ್ಲಿ ಹಾಜರಿ ಕಡ್ಡಾಯವಲ್ಲ, ಪಾಠ ಮಾಡಿದವರೇ ಪರೀಕ್ಷೆ ಮಾಡುವಂತಿಲ್ಲ, ವಿದ್ಯಾರ್ಥಿ ತಾನು ಸಿದ್ಧ ಎಂದಾಗ ಆರು ಗಂಟೆಯ ಒಂದು ದೊಡ್ಡ ಪರೀಕ್ಷೆಗೆ ಕೂರಬಹುದು. 1940ರ ದಶಕದಲ್ಲಿ ಬಂದ ಕೂಡಲೇ ಪ್ಲೇಸ್‌ಮೆಂಟ್ ಪರೀಕ್ಷೆ. ಎಷ್ಟು ಗೊತ್ತೋ ಅಷ್ಟು ಕೋರ್ಸು ಮಾಫಿ. ಹೈಸ್ಕೂಲು ಮುಗಿಯುವ ಮೊದಲೇ ಬರಲೂ ಅವಕಾಶವಿತ್ತು. ಮುಂದೆ ಡಿಎನ್‌ಎ ರಚನೆಗೆ ನೊಬೆಲ್ ಪಡೆದ ಜೇಮ್ಸ್ ವಾಟ್ಸನ್ ಅಲ್ಲಿ ಸೇರಿದಾಗ ವಯಸ್ಸು 15, ನಮ್ಮ ಎಸ್ಸೆಸ್ಸೆಲ್ಸಿ ಹುಡುಗನಷ್ಟು.

ಅಷ್ಟರಲ್ಲಿ ಯುದ್ಧ. ಮೊದಲ ಮಹಾಯುದ್ಧದಿಂದ ಮರಳಿದವರಿಗೆ ಅನೇಕ ಕಾಲೇಜುಗಳು ಸೇನೆಯಲ್ಲಿದ್ದರು ಎಂಬ ಒಂದೇ ಕಾರಣಕ್ಕೆ ಕೈಬಿಚ್ಚಿ ಕ್ರೆಡಿಟ್ ಕೊಟ್ಟು ಆಮೇಲೆ ಕೈ ಹಿಸುಕಿಕೊಂಡಿದ್ದವು. ಎರಡನೆಯ ಸಲ ಹಾಗಾಗಬಾರದೆಂದು 1942ರಲ್ಲಿ ಸೈನಿಕರಿಗಾಗಿಯೇ, ಹೈಸ್ಕೂಲು ಮಟ್ಟದ ತಿಳಿವನ್ನು ಅಳೆಯುವ ಜಿಇಡಿ ಪರೀಕ್ಷೆ ರೂಪಿಸಿದರು. 1944ರ ಜಿಐ ಕಾನೂನು ಯುದ್ಧದಿಂದ ಮರಳಿದವರ ಕಾಲೇಜು ಫೀಸು ಕಟ್ಟಿತು. 1947ರಲ್ಲಿ ಅಮೆರಿಕದ ಕಾಲೇಜು ವಿದ್ಯಾರ್ಥಿಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿ ಮಾಜಿ ಸೈನಿಕರು. ಹಡಗಿನಲ್ಲಿ ರೇಡಿಯೊ ರಿಪೇರಿ ಮಾಡಿಕೊಂಡಿದ್ದವನಿಗೆ ಭೌತಶಾಸ್ತ್ರ ಎಷ್ಟು ಗೊತ್ತು ಎಂದು ಅಳೆಯಲು ಒಂದು ದಾರಿ ಬೇಕೇ ಬೇಕಿತ್ತು.

ಇಂದು ಕ್ಯಾಲಿಫೋರ್ನಿಯಾದ ಕ್ಯುಪರ್ಟಿನೊ, ಫ್ರೀಮಾಂಟ್‌ ಕಡೆಯ ಕನ್ನಡದ ಮನೆಗಳಲ್ಲಿ ಊಟದ ಮೇಜಿನ ಮೇಲೂ ಕೇಳಿಬರುವ ‘ಎಪಿ’ (ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್, ಹೈಸ್ಕೂಲಿನಲ್ಲೇ ಬರೆಯುವ ಕಾಲೇಜು ಮಟ್ಟದ ಪರೀಕ್ಷೆ) ಹುಟ್ಟಿದ್ದು ಇದಾದ ಮೇಲೆ, ಬೇರೆಯದೇ ಕೊರಗಿನಿಂದ. ಅದು ಬಡವರ ಕೊರಗಲ್ಲ. ಆಂಡೋವರ್, ಎಕ್ಸಿಟರ್, ಲಾರೆನ್ಸ್‌ವಿಲ್ ಎಂಬ ಮೂರು ಶ್ರೀಮಂತ ಶಾಲೆಗಳೂ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್ನೂ ಸೇರಿ ಫೋರ್ಡ್ ಪ್ರತಿಷ್ಠಾನದ ದುಡ್ಡಿನಲ್ಲಿ ಒಂದು ಅಧ್ಯಯನ ಮಾಡಿದವು. ನಮ್ಮ ಹುಡುಗರು ಶಾಲೆಯಲ್ಲಿ ಕಲಿತದ್ದನ್ನೇ ಕಾಲೇಜಿನ ಮೊದಲ ವರ್ಷ ಮತ್ತೆ ಕಲಿತು ಬೇಸತ್ತಿದ್ದಾರೆ ಎಂಬುದು 1952ರಲ್ಲಿ ಹೊರಬಂದ ಅದರ ತಿರುಳು. ಅದೇ ಕಾಲಕ್ಕೆ ಒಹಾಯೊದ ಕೆನ್ಯನ್ ಕಾಲೇಜಿನ ಅಧ್ಯಕ್ಷ ಗಾರ್ಡನ್ ಚಾಮರ್ಸ್ 12 ಕಾಲೇಜುಗಳನ್ನು ಕೂಡಿಸಿಕೊಂಡು, ಹೈಸ್ಕೂಲಿನಲ್ಲೇ ಕಾಲೇಜು ಮಟ್ಟದ ಪಾಠ ಮಾಡಿ ಪರೀಕ್ಷೆ ಇಡೋಣ ಎಂದರು. 1955ರಲ್ಲಿ, ಕಾಲೇಜು ಪ್ರವೇಶ ಪರೀಕ್ಷೆ ನಡೆಸುವ ಕಾಲೇಜ್ ಬೋರ್ಡ್ ಎಂಬ ಸಂಸ್ಥೆ ಇದನ್ನು ವಹಿಸಿಕೊಂಡಿತು. 1956ರ ಮೇ ತಿಂಗಳಲ್ಲಿ ಪರೀಕ್ಷೆ ಬರೆದವರು 104 ಶಾಲೆಗಳ 1,229 ಮಂದಿ. ಈಗ ವರ್ಷಕ್ಕೆ 25 ಲಕ್ಷಕ್ಕೂ ಹೆಚ್ಚು.

ಅಂಕ ಒಂದರಿಂದ ಐದರವರೆಗೆ. ಮೂರು ಬಂದರೆ ‘ಅರ್ಹ’. ಜೂನ್ ತಿಂಗಳಲ್ಲಿ ಸಾವಿರಾರು ಅಧ್ಯಾಪಕರು ಸೇರಿ ಪ್ರಬಂಧಗಳನ್ನು ಓದಿ ಅಂಕ ಹಾಕುತ್ತಾರೆ. ನಮ್ಮ ಪಿಯು ಮೌಲ್ಯಮಾಪನ ಕೇಂದ್ರ ಕಂಡವರಿಗೆ ಆ ಚಿತ್ರ ಹೊಸದಲ್ಲ, ಕಾಫಿ ಲೋಟ ಮಾತ್ರ ದೊಡ್ಡದು.

ಶ್ರೀಮಂತ ಶಾಲೆಯ ಸವಲತ್ತು ಬಡ ಶಾಲೆಗೆ ದಾಟಿದಾಗ ಏನಾಯಿತು ಎಂಬುದಕ್ಕೆ 1982ರ ಪೂರ್ವ ಲಾಸ್ ಏಂಜಲಿಸ್‌ಗಿಂತ ಕಟುವಾದ ಉದಾಹರಣೆ ಸಿಗದು. ಗಾರ್ಫೀಲ್ಡ್ ಹೈಸ್ಕೂಲು, ಬಹುಪಾಲು ಮೆಕ್ಸಿಕನ್ ಮೂಲದ ಕೂಲಿಕಾರರ ಮಕ್ಕಳು. ಬೊಲಿವಿಯಾದಿಂದ ಬಂದ ಹೈಮೆ ಎಸ್ಕಲಾಂಟೆ ಎಂಬ ಮೇಷ್ಟ್ರು ಅವರಿಗೆ ಕ್ಯಾಲ್ಕುಲಸ್ ಕಲಿಸಿದರು. ಆ ವರ್ಷ ಎಪಿಗೆ ಕೂತ ಹದಿನೆಂಟು ಮಕ್ಕಳೂ ಪಾಸು. ಕೂಡಲೇ ಅನುಮಾನ: ಹದಿನಾಲ್ಕು ಮಂದಿಯ ಉತ್ತರಗಳಲ್ಲಿ ಹೋಲಿಕೆ ಇದೆ, ಕಾಪಿ ಹೊಡೆದಿರಬಹುದು. ಹನ್ನೆರಡು ಮಕ್ಕಳು ಮತ್ತೆ ಕೂತು ಬರೆದರು, ಹನ್ನೆರಡೂ ಪಾಸು. ಇದೇ ಫಲಿತಾಂಶ ಆಂಡೋವರ್‌ನಿಂದ ಬಂದಿದ್ದರೆ ಇಷ್ಟು ಬೇಗ ಅನುಮಾನ ಹುಟ್ಟುತ್ತಿತ್ತೇ ಎಂದು ಆಗಲೇ ಕೇಳಿದವರಿದ್ದರು. ಸಿನಿಮಾ ಆದದ್ದು ಆಮೇಲೆ.

ಇನ್ನು ಕೆಳಗಿನ ಬೆಂಚು. 1970ರಲ್ಲಿ ನ್ಯೂಯಾರ್ಕ್ ನಗರದ ವಿಶ್ವವಿದ್ಯಾಲಯ ಹೈಸ್ಕೂಲು ಮುಗಿಸಿದ ಪ್ರತಿಯೊಬ್ಬರಿಗೂ ಬಾಗಿಲು ತೆರೆಯಿತು. ಕಪ್ಪು ಮತ್ತು ಪೋರ್ಟೊರಿಕೊ ಮೂಲದ ವಿದ್ಯಾರ್ಥಿಗಳು ಹಿಂದಿನ ವರ್ಷ ಹೋರಾಡಿ ಗೆದ್ದದ್ದು ಅದು. ಸಿಟಿ ಕಾಲೇಜಿನಲ್ಲಿ ಮಿನಾ ಶಾನೆಸ್ಸಿ ಎಂಬ ಅಧ್ಯಾಪಕಿ ಸುಮಾರು 4,000 ಪ್ಲೇಸ್‌ಮೆಂಟ್ ಪ್ರಬಂಧಗಳನ್ನು ಕೂತು ಓದಿದರು. ಕೆಂಪು ಶಾಯಿಯಲ್ಲಿ ಸುತ್ತು ಹಾಕಿ ಪಕ್ಕಕ್ಕಿಡುವಂಥ ಬರಹಗಳವು. ಆಕೆಗೆ ಕಂಡದ್ದು ಬೇರೆ: ಈ ತಪ್ಪುಗಳು ದಡ್ಡತನದವಲ್ಲ, ಪ್ರತಿಯೊಂದಕ್ಕೂ ಒಂದು ತರ್ಕವಿದೆ, ಬರೆದು ರೂಢಿಯಿಲ್ಲದವನು ತನಗೆ ತಿಳಿದ ನಿಯಮವನ್ನೇ ಎಲ್ಲ ಕಡೆ ಅನ್ವಯಿಸಿದ್ದಾನೆ. ಈ ಇಡೀ ಇತಿಹಾಸದಲ್ಲಿ ಪ್ಲೇಸ್‌ಮೆಂಟ್ ಪರೀಕ್ಷೆಯನ್ನು ಅದರ ನಿಜವಾದ ಉದ್ದೇಶಕ್ಕೆ ಬಳಸಿದವರಲ್ಲಿ ನನ್ನ ಮಟ್ಟಿಗೆ ಮೊದಲ ಹೆಸರು ಆಕೆಯದು.

ಆಮೇಲಿನವರಿಗೆ ಅಷ್ಟು ಪುರುಸೊತ್ತಿರಲಿಲ್ಲ. ಕಂಪ್ಯೂಟರ್ ಬಂತು. ಅಕ್ಯುಪ್ಲೇಸರ್, ಕಂಪಾಸ್ ಎಂಬ ಪರೀಕ್ಷೆಗಳು ಎರಡು ವರ್ಷದ ಸರ್ಕಾರಿ ಕಾಲೇಜುಗಳಾದ ಕಮ್ಯುನಿಟಿ ಕಾಲೇಜುಗಳನ್ನು ಆವರಿಸಿದವು. ಹೆಸರು ನೋಂದಾಯಿಸಲು ಬಂದ ದಿನವೇ, ತಯಾರಿಯಿಲ್ಲದೆ, ಇದರಿಂದ ಏನಾಗುತ್ತದೆಂದು ತಿಳಿಯದೆಯೇ ಎಷ್ಟೋ ಮಂದಿ ಬರೆದು ಎದ್ದರು. ಪರದೆ ಹೇಳಿತು: ನೀನು ಕಾಲೇಜು ಗಣಿತಕ್ಕಿಂತ ಮೂರು ಮೆಟ್ಟಿಲು ಕೆಳಗೆ. ಆ ಮೂರೂ ಮೆಟ್ಟಿಲಿಗೆ ಫೀಸು ಕಟ್ಟಬೇಕು, ಪದವಿಗೆ ಮಾತ್ರ ಒಂದು ಕ್ರೆಡಿಟ್ಟೂ ಸೇರುವುದಿಲ್ಲ. ಇದು ನಮಗೂ ತೀರಾ ಅಪರಿಚಿತವೇನಲ್ಲ. ಡಿಪ್ಲೊಮಾ ಮುಗಿಸಿ ಎಂಜಿನಿಯರಿಂಗಿನ ಎರಡನೇ ವರ್ಷಕ್ಕೆ ನೇರ ಬರುವ ಲ್ಯಾಟರಲ್ ಎಂಟ್ರಿ ಹುಡುಗರಿಗೆ ವಿಟಿಯುನಲ್ಲಿ ‘ಮ್ಯಾಟ್‌ಡಿಪ್’ ಎಂದು ಹೆಚ್ಚುವರಿ ಗಣಿತದ ಪೇಪರ್ ಇತ್ತಲ್ಲ, ಪಾಸಾಗಲೇಬೇಕು, ಕ್ರೆಡಿಟ್ ಇಲ್ಲ. ಆದರೆ ಅವರಿಗೆ ಒಂದು ವರ್ಷ ಉಳಿದಿರುತ್ತದೆ. ಅಮೆರಿಕದ ಹುಡುಗನಿಗೆ ಉಳಿದದ್ದು ಏನೂ ಇಲ್ಲ.

ಕೊಲಂಬಿಯಾ ವಿಶ್ವವಿದ್ಯಾಲಯದ ಸಂಶೋಧಕರು ಲೆಕ್ಕ ಹಾಕಿದಾಗ, ಹೀಗೆ ಕೆಳಗಿನ ಗಣಿತಕ್ಕೆ ಹೋದವರಲ್ಲಿ ಆ ಮೆಟ್ಟಿಲುಗಳನ್ನು ಪೂರ್ತಿ ಹತ್ತಿದವರು ಮೂವರಲ್ಲಿ ಒಬ್ಬರಷ್ಟೇ. 2012ರಲ್ಲಿ ಜುಡಿತ್ ಸ್ಕಾಟ್-ಕ್ಲೇಟನ್ ಅದಕ್ಕಿಂತ ಇರಿಯುವ ವಿಷಯ ತೋರಿಸಿದರು: ಈ ಪರೀಕ್ಷೆಗಳು ಗಣಿತದಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರನ್ನು, ಇಂಗ್ಲಿಷಿನಲ್ಲಿ ಮೂವರಲ್ಲಿ ಒಬ್ಬರನ್ನು ತೀರಾ ತಪ್ಪು ಬೆಂಚಿನಲ್ಲಿ ಕೂರಿಸುತ್ತಿದ್ದವು. ನೇರ ಕಾಲೇಜು ಕೋರ್ಸಿಗೆ ಬಿಟ್ಟಿದ್ದರೆ ಸಲೀಸಾಗಿ ಪಾಸಾಗುತ್ತಿದ್ದವರು ಕೆಳಗೆ ಕೊಳೆಯುತ್ತಿದ್ದರು. ಪರೀಕ್ಷೆಗಿಂತ ಹೈಸ್ಕೂಲಿನ ಅಂಕಪಟ್ಟಿಯೇ ಹೆಚ್ಚು ಸರಿಯಾಗಿ ಹೇಳುತ್ತಿತ್ತು.

ಅಲ್ಲಿಂದ ಗೋಡೆ ಬೀಳತೊಡಗಿತು. ಫ್ಲಾರಿಡಾ 2013ರಲ್ಲಿ ಕೆಳಗಿನ ಕೋರ್ಸುಗಳನ್ನು ಬಹುತೇಕರಿಗೆ ಐಚ್ಛಿಕ ಮಾಡಿತು. ಕಂಪಾಸ್ ಪರೀಕ್ಷೆಯನ್ನು ಅದನ್ನು ನಡೆಸುತ್ತಿದ್ದ ಸಂಸ್ಥೆಯೇ 2016ರಲ್ಲಿ ನಿಲ್ಲಿಸಿತು. ಕ್ಯಾಲಿಫೋರ್ನಿಯಾ 2017ರಲ್ಲಿ ಎಬಿ 705 ಎಂಬ ಕಾನೂನು ತಂದು, ಕಮ್ಯುನಿಟಿ ಕಾಲೇಜುಗಳು ಶಾಲೆಯ ಅಂಕ ನೋಡಿಯೇ ಕೂರಿಸಬೇಕು ಎಂದಿತು.

ಮೇಲಿನ ಬೆಂಚಿನ ಕಥೆ ಅಷ್ಟರಲ್ಲಿ ಇನ್ನೊಂದು ಕಡೆ ತಿರುಗಿತ್ತು. ಎಪಿ ಈಗ ಬೇಸತ್ತ ಹುಡುಗರ ಔಷಧಿಯಲ್ಲ, ಫೀಸು ಉಳಿಸುವ ಹಾದಿ. ಪರೀಕ್ಷೆಗೆ ಸುಮಾರು 100 ಡಾಲರ್. ಖಾಸಗಿ ಕಾಲೇಜಿನಲ್ಲಿ ಅದೇ ಕೋರ್ಸಿಗೆ ಸಾವಿರಾರು. ಟೆಕ್ಸಸ್, ಇಲಿನಾಯ್‌ನಂಥ ರಾಜ್ಯಗಳು ಮೂರು ಅಂಕಕ್ಕೇ ಕ್ರೆಡಿಟ್ ಕೊಡಲೇಬೇಕೆಂದು ಸರ್ಕಾರಿ ಕಾಲೇಜುಗಳಿಗೆ 2015ರಲ್ಲಿ ಕಾನೂನು ಮಾಡಿದವು. ದೊಡ್ಡ ಖಾಸಗಿ ಕಾಲೇಜುಗಳು ತದ್ವಿರುದ್ಧ. ಡಾರ್ಟ್‌ಮತ್‌ನ ಮನಶ್ಶಾಸ್ತ್ರ ವಿಭಾಗ ಎಪಿಯಲ್ಲಿ ಐದಕ್ಕೆ ಐದು ತಂದ ನೂರಕ್ಕೂ ಹೆಚ್ಚು ವಿದ್ಯಾರ್ಥಿಗಳಿಗೆ ತನ್ನದೇ ಪರೀಕ್ಷೆ ಇಟ್ಟು ನೋಡಿತು. ತೊಂಬತ್ತು ಶೇಕಡಾ ಮಂದಿ ಫೇಲು. ಕಾಲೇಜ್ ಬೋರ್ಡ್ ಈ ಲೆಕ್ಕವನ್ನು ಒಪ್ಪಲಿಲ್ಲ. ಆದರೂ 2013ರಲ್ಲಿ ಡಾರ್ಟ್‌ಮತ್, ಮುಂದಿನ ವರ್ಷ ಸೇರುವವರಿಂದ ಎಪಿಗೆ ಪದವಿಯ ಕ್ರೆಡಿಟ್ ಇಲ್ಲ, ಬೇಕಾದರೆ ಮೇಲಿನ ಕೋರ್ಸಿನಲ್ಲಿ ಕೂರಿ ಎಂದುಬಿಟ್ಟಿತು. ಕಲಿಕೆಯ ಕಾಳಜಿ ಇದ್ದಿರಬಹುದು. ಆದರೆ ನಾಲ್ಕು ವರ್ಷದ ಫೀಸು ನಾಲ್ಕು ವರ್ಷವೇ ಬರುತ್ತದೆ ಎಂಬುದೂ ಸುಳ್ಳಲ್ಲ.

ಅಂಕವೂ ನಿಂತಲ್ಲಿ ನಿಂತಿಲ್ಲ. ಎಪಿ ಅಮೆರಿಕ ಇತಿಹಾಸದಲ್ಲಿ 2023ರಲ್ಲಿ ಮೂರು ಅಥವಾ ಹೆಚ್ಚು ಪಡೆದವರು ಸುಮಾರು 48 ಶೇಕಡಾ, ಮರುವರ್ಷ 72. ಒಂದೇ ವರ್ಷದಲ್ಲಿ ಮಕ್ಕಳೆಲ್ಲ ಜಾಣರಾದರೆಂದಲ್ಲ, ಅಂಕದ ಗೆರೆಯನ್ನು ಹೊಸ ವಿಧಾನದಲ್ಲಿ ಎಳೆದರು. ಅಂದಹಾಗೆ, ಈ ಎಪಿಯಲ್ಲಿ ಸ್ಪ್ಯಾನಿಷ್, ಚೀನಿ, ಜಪಾನಿ, ಇಟಾಲಿಯನ್, ಲ್ಯಾಟಿನ್ ಕೂಡ ಇವೆ. ಕನ್ನಡವಿಲ್ಲ. ಮನೆಯಲ್ಲಿ ಅಜ್ಜಿಯ ಜೊತೆ ದಿನವಿಡೀ ಕನ್ನಡ ಆಡಿ ಬೆಳೆದ ಹುಡುಗಿ ಎಪಿಯಲ್ಲಿ ಭಾಷೆಯ ಕ್ರೆಡಿಟ್ಟಿಗೆಂದು ಸ್ಪ್ಯಾನಿಷ್ ಕ್ರಿಯಾಪದ ಬಾಯಿಪಾಠ ಮಾಡಬೇಕು.

ಇನ್ನು ಶಾಲೆಯ ಅಂಕವನ್ನೇ ನಂಬೋಣ ಎಂದವರಿಗೆ 2025ರ ನವೆಂಬರ್‌ನಲ್ಲಿ ಸ್ಯಾನ್ ಡಿಯೇಗೊದಿಂದ ಪೆಟ್ಟು ಬಿತ್ತು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ 2020ರಲ್ಲೇ ಎಸ್‌ಎಟಿ ಎಂಬ ಪ್ರವೇಶ ಪರೀಕ್ಷೆಯನ್ನು ಕೈಬಿಡಲು ನಿರ್ಧರಿಸಿತ್ತು. ಅದರ ಸ್ಯಾನ್ ಡಿಯೇಗೊ ಶಾಖೆಯ ಅಧ್ಯಾಪಕರ ಸಮಿತಿ ಹೇಳಿದ್ದಿಷ್ಟು: ಹೈಸ್ಕೂಲು ಮಟ್ಟಕ್ಕಿಂತ ಕೆಳಗಿನ ಗಣಿತದೊಂದಿಗೆ ಬರುವವರು ಐದು ವರ್ಷದಲ್ಲಿ ಸುಮಾರು ಮೂವತ್ತು ಪಟ್ಟು ಹೆಚ್ಚಿದ್ದಾರೆ, ಹೊಸಬರಲ್ಲಿ ಎಂಟಕ್ಕೊಬ್ಬರು. ಅವರಿಗೆಂದೇ ನಡೆಸುವ ಕೋರ್ಸಿನಲ್ಲಿ 7 + 2 = __ + 6 ಎಂಬ ಲೆಕ್ಕ ಕೊಟ್ಟರೆ ನಾಲ್ವರಲ್ಲಿ ಒಬ್ಬರಿಗೆ ಬರಲಿಲ್ಲ. ಅದೇ ಕೋರ್ಸಿನಲ್ಲಿದ್ದ ಎಷ್ಟೋ ಮಂದಿಗೆ ಶಾಲೆಯ ಗಣಿತದಲ್ಲಿ ಸಿಕ್ಕಿದ್ದು ಪೂರ್ತಿ ಅಂಕ. ಪರೀಕ್ಷೆ ಬೇಡ ಎಂದು ಆಚೆಗಿಟ್ಟ ಊರಿನಲ್ಲೇ ಪರೀಕ್ಷೆ ಮತ್ತೆ ಬೇಕೆಂಬ ಮಾತು ಎದ್ದಿದೆ.

ನಮ್ಮ ಹುಡುಗನ ಫಲಿತಾಂಶ ಎರಡು ದಿನದಲ್ಲಿ ಬಂತು. ಮೊದಲ ಕ್ಯಾಲ್ಕುಲಸ್ ಬೇಡ, ಸೀದಾ ಎರಡನೆಯದಕ್ಕೆ ಹೋಗಬಹುದು. ಮನೆಯಲ್ಲಿ ಸಣ್ಣ ಸಂಭ್ರಮ. ದೊಡ್ಡಮ್ಮ ಕನ್ನಡಕ ಸರಿಮಾಡಿಕೊಂಡು ಕೇಳಿದರು:

“ಹಾಗಾದ್ರೆ ಒಂದು ಪೇಪರ್ ಕಡಿಮೆ ಆಯ್ತು ಅನ್ನು.”

“ಇಲ್ಲ ಅಜ್ಜಿ, ಇದಕ್ಕೆ ಕ್ರೆಡಿಟ್ ಕೊಡಲ್ಲ. ಅದರ ಬದಲು ಬೇರೆ ಏನಾದ್ರೂ ತಗೋಬೇಕು.”

“ಫೀಸು?”

“ಫೀಸು ಅಷ್ಟೇ.”