ಪದ ಪರಿಚಯ: ಕಥೆಯಲ್ಲಿ ಸಂಕೇತ

ಕಥೆಯಲ್ಲಿ ಬರುವ ಒಂದು ವಸ್ತು ತನ್ನ ಪಾಡಿಗೆ ತಾನಿದ್ದು, ಜೊತೆಗೆ ಇನ್ನೇನನ್ನೋ ಹೇಳುತ್ತಿದ್ದರೆ ಅದನ್ನು ಸಂಕೇತ ಅನ್ನುತ್ತೇವೆ. ‘ತನ್ನ ಪಾಡಿಗೆ ತಾನಿದ್ದು’ ಅನ್ನುವ ಭಾಗ ಮುಖ್ಯ. ಪರೀಕ್ಷೆಯ ಗೈಡುಗಳು ಅದನ್ನೇ ಬಿಟ್ಟುಬಿಡುತ್ತವೆ. ಮಳೆ ಎಂದರೆ ದುಃಖ, ಬಿಳಿ ಎಂದರೆ ಶುದ್ಧ ಅಂತ ಪಟ್ಟಿ ಕೊಟ್ಟು ಕೈತೊಳೆದುಕೊಳ್ಳುತ್ತವೆ.

ವಿಲಿಯಂ ಫಾಕ್ನರ್ ಬರೆದ ‘ಡ್ರೈ ಸೆಪ್ಟೆಂಬರ್’ ಕಥೆಯನ್ನೇ ನೋಡಿ. 1931ರಲ್ಲಿ ಪ್ರಕಟವಾದದ್ದು. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಬಿಳಿಯರು ಗುಂಪು ಕಟ್ಟಿಕೊಂಡು ಹೋಗಿ ಕಪ್ಪು ಜನರನ್ನು ಕೊಲ್ಲುತ್ತಿದ್ದ ಕಾಲ ಅದು. ಜೆಫರ್ಸನ್ ಎಂಬ ಕಲ್ಪನೆಯ ಊರಿನಲ್ಲಿ 62 ದಿನಗಳಿಂದ ಮಳೆಯಿಲ್ಲ. ಕ್ಷೌರದಂಗಡಿಯಲ್ಲಿ ಒಂದು ಗಾಳಿಸುದ್ದಿ: ಮದುವೆಯಾಗದ ಮಿನ್ನಿ ಕೂಪರ್‌ಗೆ ಕಪ್ಪು ಗಂಡಸೊಬ್ಬ ಏನೋ ಮಾಡಿದನಂತೆ. ಏನು ಮಾಡಿದ? ಅಲ್ಲಿ ಕೂತವರಲ್ಲಿ ಒಬ್ಬರಿಗೂ ಗೊತ್ತಿಲ್ಲ. ಐಸ್ ಕಾರ್ಖಾನೆಯ ರಾತ್ರಿ ಕಾವಲುಗಾರ ವಿಲ್ ಮೇಯ್ಸ್‌ನನ್ನು ಕಾರಿಗೆ ದಬ್ಬಿಕೊಂಡು ಹೋಗಲು ಅಷ್ಟೇ ಸಾಕಾಗುತ್ತದೆ.

ಇಲ್ಲಿ ಬರ ಒಂದು ಸಂಕೇತ. ಆದರೆ ಅದು ಮೊದಲು ಬರವೇ. ಸೆಕೆಗೆ ಜನ ಸಿಡುಕುತ್ತಾರೆ. ಅಂಗಡಿಯ ಫ್ಯಾನು ಹಳಸಿದ ಗಾಳಿಯನ್ನೇ ತಿರುಗಿಸುತ್ತದೆ. ಈ ಹವೆ ಮನುಷ್ಯನ ಕೈಲಿ ಏನು ಬೇಕಾದರೂ ಮಾಡಿಸುತ್ತೆ ಅಂತ ಒಬ್ಬ ಹೇಳುತ್ತಾನೆ. ಇದು ಕಾರಣವೋ, ಸುಮ್ನೆ ನೆಪವೋ? ಕಥೆ ಬಾಯಿ ಬಿಡುವುದಿಲ್ಲ. ಕೊಲೆಯನ್ನೂ ಫಾಕ್ನರ್ ತೋರಿಸುವುದಿಲ್ಲ. ಧೂಳೆಬ್ಬಿಸಿಕೊಂಡು ಹೋದ ಕಾರು ವಾಪಸು ಬರುವಾಗ ಅದರಲ್ಲಿ ಮೇಯ್ಸ್ ಇರುವುದಿಲ್ಲ, ಅಷ್ಟೇ.

ಬರಿ ಬರ, ಧೂಳು ಇದ್ದಿದ್ದರೆ ಇದು ಹವಾಮಾನದ ಕಥೆಯಾಗುತ್ತಿತ್ತು. ಅದಕ್ಕೆ ಜೀವ ಬರುವುದು ಪಾತ್ರಗಳಿಂದ. ಗುಂಪಿನ ಮುಂದಾಳು ಮೆಕ್‌ಲೆಂಡನ್ ಯುದ್ಧದಲ್ಲಿ ಶೌರ್ಯಕ್ಕೆ ಪದಕ ಪಡೆದವನು; ರಾತ್ರಿ ಮನೆಗೆ ಬಂದು ಹೆಂಡತಿಯ ಮೇಲೆ ಕೈ ಮಾಡುತ್ತಾನೆ. ಅವನಿಗಿಂತ ನನ್ನನ್ನು ಜಾಸ್ತಿ ಕಾಡುವವನು ಕ್ಷೌರಿಕ ಹಾಕ್‌ಶಾ. ಮೇಯ್ಸ್ ಒಳ್ಳೆಯವನು ಅಂತ ಮೊದಲಿನಿಂದ ವಾದಿಸುವವನು ಇವನೊಬ್ಬನೇ. ತಡೆಯೋಣ ಅಂತಲೇ ಜೊತೆಗೆ ಹೋಗುತ್ತಾನೆ. ಗಲಾಟೆಯಲ್ಲಿ ಬೇಡಿ ಹಾಕಿದ ಮೇಯ್ಸ್‌ನ ಕೈ ಇವನ ಬಾಯಿಗೆ ತಗಲುತ್ತದೆ. ಇವನೂ ತಿರುಗಿ ಹೊಡೆಯುತ್ತಾನೆ! ಆಮೇಲೆ ಓಡುವ ಕಾರಿನಿಂದ ಜಿಗಿದು ತಪ್ಪಿಸಿಕೊಳ್ಳುತ್ತಾನೆ. ಅವನನ್ನು ಹೇಡಿ ಅಂತ ಫಾಕ್ನರ್ ಎಲ್ಲೂ ಕರೆಯುವುದಿಲ್ಲ. ಒಂದು ಏಟನ್ನು ತೋರಿಸಿ ಸುಮ್ಮನಾಗುತ್ತಾನೆ. ಪಾತ್ರಚಿತ್ರಣ ಅಂದರೆ ಇದೇ ಅಲ್ವಾ?

ವಿಮರ್ಶಕರು ಬರದ ಬಗ್ಗೆ ತುಂಬಾ ಬರೆಯುತ್ತಾರೆ. ನನಗೆ ದೊಡ್ಡದಾಗಿ ಕಾಣುವುದು ಐಸು. ಅದೇ ರಾತ್ರಿ ಮಿನ್ನಿ ಸಿನಿಮಾ ಮಂದಿರದಲ್ಲಿ ತಡೆಯಲಾಗದೆ ನಗತೊಡಗುತ್ತಾಳೆ. ಗೆಳತಿಯರು ಮನೆಗೆ ಕರೆತಂದು ಹಣೆಯ ಪಕ್ಕಕ್ಕೆ ಐಸ್ ಒತ್ತುತ್ತಾರೆ. ಊರಿನ ಐಸ್ ಕಾರ್ಖಾನೆಯನ್ನು ಕಾಯುತ್ತಿದ್ದವನು ಯಾರು ಅಂತ ಕಥೆ ಅಲ್ಲಿ ನೆನಪಿಸುವುದಿಲ್ಲ. ಇದು ಕಾಕತಾಳೀಯ ಅಂತ ನೀವು ವಾದಿಸಬಹುದು. ವಾದಿಸಿ, ಪರವಾಗಿಲ್ಲ. ಸಂಕೇತ ಅಂತ ಗೊತ್ತಾಗದ ಓದುಗನಿಗೂ ಆ ಐಸು ಬರೀ ಉಪಚಾರವಾಗಿ ಸರಿಯಾಗಿಯೇ ಕೂರುತ್ತದೆ. ಒಳ್ಳೆಯ ಸಂಕೇತವನ್ನು ಗುರುತಿಸಲು ನಾನು ನೋಡುವುದು ಇದನ್ನೇ.