ಓದುಗರ ಪ್ರಶ್ನೆ: ಮಧ್ಯಯುಗದ ಜರ್ಮನಿಯಲ್ಲಿ ದೊಡ್ಡ ಮನೆತನದ ಹುಡುಗಿಗೆ ಗಂಡು ಗೊತ್ತುಮಾಡುವಾಗ ಅವಳನ್ನು ಕೇಳುತ್ತಿದ್ದರೇ?

ಕೇಳಬೇಕು ಎನ್ನುತ್ತಿತ್ತು ಚರ್ಚಿನ ಕಾನೂನು. ಆದರೆ ಅದೇ ಕಾನೂನು ಹುಡುಗಿಗೆ 12, ಹುಡುಗನಿಗೆ 14 ತುಂಬಿದರೆ ಮದುವೆಯಾಗಬಹುದು ಎನ್ನುತ್ತಿತ್ತು. ನಿಶ್ಚಿತಾರ್ಥಕ್ಕೆ 7 ವರ್ಷ ಸಾಕು. ಹನ್ನೆರಡರ ಮಗು ತಂದೆಯೆದುರು ಒಲ್ಲೆ ಎನ್ನುವುದುಂಟೆ?

ಸ್ಯಾಕ್ಸನಿಯ ಗೆರ್ಟ್ರೂಡ್‌ಳನ್ನೇ ನೋಡಿ. ಹುಟ್ಟಿದ್ದು 1115ರ ಏಪ್ರಿಲ್ 18ರಂದು, ಡ್ಯೂಕ್ ಲೋಥಾರ್ ಮತ್ತು ರಿಚೆಂಜಾ ದಂಪತಿಯ ಒಬ್ಬಳೇ ಮಗಳಾಗಿ. ಅವಳ ಕೈ ಹಿಡಿದವನಿಗೆ ಸ್ಯಾಕ್ಸನಿಯ ಆಸ್ತಿಯೂ ಕೈಸೇರುತ್ತಿತ್ತು. 1125ರಲ್ಲಿ ರಾಜನ ಆಯ್ಕೆ ನಡೆದಾಗ ಬವೇರಿಯಾದ ಡ್ಯೂಕ್ 'ಕಪ್ಪು' ಹೈನ್ರಿಖ್ ಸ್ಪರ್ಧೆಯಲ್ಲಿದ್ದ ಸ್ವಂತ ಅಳಿಯನನ್ನು ಬಿಟ್ಟು ಲೋಥಾರನ ಪಕ್ಷ ಸೇರಿದ; ಲೋಥಾರ್ ರಾಜನಾದ. ಅದಕ್ಕೆ ಸಂದ ಬೆಲೆ ಈ ಸಂಬಂಧವೇ ಎನ್ನುವುದು ಇತಿಹಾಸಕಾರರ ಸಾಮಾನ್ಯ ಅಭಿಪ್ರಾಯ. 1127ರ ಮೇ 29ರಂದು ಔಗ್ಸ್‌ಬುರ್ಗ್ ಬಳಿ 'ಕಪ್ಪು' ಹೈನ್ರಿಖ್‌ನ ಮಗ 'ಹೆಮ್ಮೆಯ' ಹೈನ್ರಿಖ್‌ನೊಂದಿಗೆ ಗೆರ್ಟ್ರೂಡ್‌ಳ ಮದುವೆಯಾಯಿತು. ವಧುವಿಗೆ 12 ತುಂಬಿ 41 ದಿನ!

ಇಂಥ ಮದುವೆಗಳಲ್ಲಿ ಕೊಡುಕೊಳ್ಳುವಿಕೆ ಎರಡೂ ಕಡೆಯಿಂದ ಇರುತ್ತಿತ್ತು. ತವರಿನಿಂದ ವರದಕ್ಷಿಣೆ. ಮೊದಲ ರಾತ್ರಿಯ ಮರುದಿನ ಬೆಳಗ್ಗೆ ಗಂಡ ಹೆಂಡತಿಗೆ ಕೊಡುವುದು 'ಮೋರ್ಗೆನ್‌ಗಾಬೆ', ಎಂದರೆ ಬೆಳಗಿನ ಉಡುಗೊರೆ. ಅವನು ಸತ್ತರೆ ಅವಳ ಜೀವನಾಂಶಕ್ಕೆಂದು ಬರೆದಿಡುವ ಜಮೀನು 'ವಿಟ್ಟುಮ್'. ಸ್ಯಾಕ್ಸನ್ ಕಾನೂನಿನಲ್ಲಿ ಇನ್ನೊಂದಿತ್ತು, 'ಗೆರಾಡೆ': ಹಾಸಿಗೆ, ದಿಂಬು, ನೂಲು, ಪೆಟ್ಟಿಗೆ, ಕುರಿ, ಹೆಬ್ಬಾತು, ಕೊನೆಗೆ ಪ್ರಾರ್ಥನೆಯ ಪುಸ್ತಕ ಕೂಡ ಹೆಂಗಸಿನ ಪಾಲು, ಅದು ಹೆಣ್ಣಿನ ಕಡೆಯ ಸಂಬಂಧಿಕಳಿಗೇ ಇಳಿಯಬೇಕು. ನಮ್ಮ ಸ್ತ್ರೀಧನ ಗೊತ್ತಿರುವವರಿಗೆ ಇದರ ತರ್ಕ ಹೊಸದಲ್ಲ.

ಕೆಡುತ್ತಿದ್ದದ್ದು ಬೇರೆ ಕಡೆ. ಬೇಡವಾದ ಮದುವೆಯನ್ನು ರಕ್ತಸಂಬಂಧದ ನೆಪ ತೆಗೆದು ಮುರಿಯಬಹುದಿತ್ತು. ಗೆರ್ಟ್ರೂಡ್‌ಳ ಮಗ 'ಸಿಂಹ' ಹೈನ್ರಿಖ್ 1162ರಲ್ಲಿ ಮಾಡಿದ್ದು ಅದನ್ನೇ. (ಎಲ್ಲರೂ ಹೈನ್ರಿಖ್‌ಗಳೇ, ಅಡ್ಡಹೆಸರೇ ಗತಿ.) ಇನ್ನು, ವಿಧವೆಯಾದವಳ ಕೈಗೆ ಮತ್ತೆ ಬೇಡಿಕೆ. ಲೋಥಾರ್ 1137ರಲ್ಲಿ ತೀರಿಕೊಂಡ; ಹೊಸ ರಾಜ ಮೂರನೆಯ ಕೊನ್ರಾಡ್ ಗೆರ್ಟ್ರೂಡ್‌ಳ ಗಂಡನಿಂದ ಸ್ಯಾಕ್ಸನಿ, ಬವೇರಿಯಾ ಎರಡೂ ಡಚಿಗಳನ್ನು (ಡ್ಯೂಕ್‌ನ ಆಳ್ವಿಕೆಯ ಸೀಮೆ) ಕಿತ್ತುಕೊಂಡ; 1139ರಲ್ಲಿ ಗಂಡನೂ ಸತ್ತ. ಮೂರು ವರ್ಷಕ್ಕೆ ರಾಜಿ: ಸ್ಯಾಕ್ಸನಿ ಎಳೆಯ ಮಗನಿಗೆ, ತಾಯಿಯ ಮಾತಿನಂತೆ ಅವನು ಬವೇರಿಯಾ ಬಿಟ್ಟುಕೊಟ್ಟ, ಆಕೆ ಕೊನ್ರಾಡ್‌ನ ಮಲತಮ್ಮ ಹೈನ್ರಿಖ್ ಯಾಸೋಮಿರ್ಗೊಟ್‌ನನ್ನು ಮದುವೆಯಾದಳು.

1143ರ ಏಪ್ರಿಲ್ 18ರಂದು, ತನ್ನ 28ನೆಯ ಹುಟ್ಟುಹಬ್ಬದ ದಿನವೇ, ಗೆರ್ಟ್ರೂಡ್ ಹೆರಿಗೆಯಲ್ಲಿ ಸತ್ತಳು. ರಾಜಿಯ ಗಂಟು ಬಿಚ್ಚಿತು. ಮಗ ಬವೇರಿಯಾ ತನ್ನದೆಂದು ಪಟ್ಟು ಹಿಡಿದ. 1156ರಲ್ಲಿ ಅದು ಅವನಿಗೆ ದಕ್ಕಿತು. ಬವೇರಿಯಾ ಬಿಟ್ಟುಕೊಟ್ಟ ಮಲತಂದೆ ಯಾಸೋಮಿರ್ಗೊಟ್‌ಗೆ ಸಮಾಧಾನವಾಗಲೆಂದು ಅವನ ಆಸ್ಟ್ರಿಯಾವನ್ನು ಡಚಿಯಾಗಿ ಮೇಲೇರಿಸಿದರು.