ಟೊಮೆಟೊದ ಹಸಿರು ಹೆಗಲು: ಎಲೆ ಮರೆಮಾಚಿದ ಕೊರತೆ

ಅನೇಕ ನಾಟಿ ಟೊಮೆಟೊ ತಳಿಗಳಲ್ಲಿ, ಬಲಿಯುತ್ತಿರುವ ಕಾಯನ್ನು ಗಿಡದಲ್ಲೇ ತಿರುಗಿಸಿ ನೋಡಿದರೆ ತೊಟ್ಟಿನ ಸುತ್ತ ಕಡುಹಸಿರು ಆವರಿಸಿರುವುದು ಕಾಣುತ್ತದೆ. ಕೆಳಕ್ಕಿಳಿದಂತೆ ಅದು ತಿಳಿಯಾಗುತ್ತಾ ಹೋಗುತ್ತದೆ. ತಳಿ ವಿಜ್ಞಾನಿಗಳು ಇದನ್ನು ಹಸಿರು ಹೆಗಲು ಎನ್ನುತ್ತಾರೆ. ದೂರದ ಮಾರುಕಟ್ಟೆಗೆಂದು ರೂಪಿಸಿದ ಬಹಳಷ್ಟು ತಳಿಗಳಲ್ಲಿ ಈ ಹೆಗಲಿಲ್ಲ. ಅವುಗಳ ಕಾಯಿ ಮೇಲಿಂದ ಕೆಳಗಿನವರೆಗೆ ಒಂದೇ ತೆರನಾದ ತಿಳಿಹಸಿರು.

ಈ ವ್ಯತ್ಯಾಸವನ್ನು ಬೇಕೆಂದೇ ತಂದುಕೊಂಡದ್ದು. ಹೆಗಲಿನ ಭಾಗ ತಡವಾಗಿ ಕೆಂಪಾಗುತ್ತದೆ, ಬಿಸಿಲು ಹೆಚ್ಚಾದರೆ ಹಳದಿಯಾಗಿಯೇ ಗಟ್ಟಿಯಾಗಿ ಉಳಿಯುತ್ತದೆ, ಕೀಳುವವರಿಗೆ ಕಾಯಿ ಬಲಿತಿದೆಯೇ ಎಂದು ಅಂದಾಜಿಸುವುದೂ ಕಷ್ಟವಾಗುತ್ತದೆ. ಹಾಗಾಗಿ ಸಮನಾಗಿ ಮಾಗುವ ಗಿಡವೊಂದು ಕಳೆದ ಶತಮಾನದಲ್ಲಿ ಕಣ್ಣಿಗೆ ಬಿದ್ದಾಗ ತಳಿಗಾರರು ಅದನ್ನು ಬಿಡಲಿಲ್ಲ. ಸುಮಾರು 70 ವರ್ಷ ಆ ಗುಣವನ್ನು ಒಂದು ತಳಿಯಿಂದ ಇನ್ನೊಂದಕ್ಕೆ ದಾಟಿಸುತ್ತಾ ಬಂದರು. ಅದರ ಹಿಂದೆ ಏನಿದೆಯೆಂದು ಆಗ ಯಾರಿಗೂ ಗೊತ್ತಿರಲಿಲ್ಲ.

ಉತ್ತರ ದೊರೆತದ್ದು 2012ರ ಜೂನ್‌ನಲ್ಲಿ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದ ಆನ್ ಪೊವೆಲ್, ಕಾರ್ನೆಲ್‌ನ ಜೇಮ್ಸ್ ಜಿಯೊವನೋನಿ ಮತ್ತು ಸಂಗಡಿಗರು 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹತ್ತನೇ ವರ್ಣತಂತುವಿನ ಮೇಲಿರುವ ಜಿಎಲ್‌ಕೆ2 (ಜಿಎಲ್‌ಕೆ ಎಂದರೆ 'ಗೋಲ್ಡನ್2-ಲೈಕ್') ಎಂಬ ವಂಶವಾಹಿಯಲ್ಲಿ ಡಿಎನ್‌ಎಯ ಒಂದೇ ಒಂದು ಅಕ್ಷರ ಹೆಚ್ಚಾಗಿ ಸೇರಿಕೊಂಡಿತ್ತು. ಅಷ್ಟರಿಂದಲೇ ಜೀವಕೋಶದ ಮುಂದಿನ ಓದೆಲ್ಲ ತಪ್ಪಿ, ಆ ವಂಶವಾಹಿಯಿಂದ ತಯಾರಾಗಬೇಕಿದ್ದ 310 ಅಮೈನೊ ಆಮ್ಲಗಳ ಪ್ರೋಟೀನು 80ಕ್ಕೇ ತುಂಡಾಗಿ ನಿಂತುಬಿಡುತ್ತದೆ. ಅದಕ್ಕೆ ಒಂದು ತಿಂಗಳ ಹಿಂದಷ್ಟೇ, ಭಾರತದ ಪ್ರಯೋಗಾಲಯಗಳೂ ಪಾಲ್ಗೊಂಡಿದ್ದ ಯೋಜನೆಯಿಂದ ಟೊಮೆಟೊದ ಪೂರ್ಣ ಜೀನೋಮ್, ಅಂದರೆ ಅದರ ಇಡೀ ಡಿಎನ್‌ಎಯ ಅಕ್ಷರಸರಣಿ, ಹೊರಬಂದಿತ್ತು.

ಜಿಎಲ್‌ಕೆ ಕುಟುಂಬದ ಕೆಲಸವೆಂದರೆ ಜೀವಕೋಶದಲ್ಲಿ ಕ್ಲೋರೋಪ್ಲಾಸ್ಟ್‌ಗಳನ್ನು, ಅಂದರೆ ಬೆಳಕಿನಿಂದ ಆಹಾರ ತಯಾರಿಸುವ ಹಸಿರು ಕಣಗಳನ್ನು, ಬೆಳೆಸುವುದು. ಇದೇ ಕುಟುಂಬದ ವಂಶವಾಹಿಯೊಂದು ಕೆಟ್ಟರೆ ಮೆಕ್ಕೆಜೋಳದ ಎಲೆ ಹೊಂಬಣ್ಣಕ್ಕೆ ತಿರುಗುತ್ತದೆ. ಹೆಸರಿನಲ್ಲಿರುವ 'ಗೋಲ್ಡನ್' ಬಂದದ್ದು ಅಲ್ಲಿಂದ. ಹಾಗಾದರೆ ಜಿಎಲ್‌ಕೆ2 ಕೆಟ್ಟ ಟೊಮೆಟೊ ಗಿಡದ ಎಲೆ ಏಕೆ ಬಿಳಿಚಿಕೊಳ್ಳಲಿಲ್ಲ? ಈ ಇಡೀ ಇತಿಹಾಸದಲ್ಲಿ ನನಗೆ ಅತಿ ಮುಖ್ಯವೆನಿಸುವ ಪ್ರಶ್ನೆ ಇದೇ. ಟೊಮೆಟೊದಲ್ಲಿ ಇದಕ್ಕೊಂದು ಜೋಡಿಯಿದೆ, ಜಿಎಲ್‌ಕೆ1. ಎಲೆಯಲ್ಲಿ ಎರಡೂ ದುಡಿಯುವುದರಿಂದ ಒಂದು ಕೈಕೊಟ್ಟರೂ ಇನ್ನೊಂದು ಸರಿದೂಗಿಸುತ್ತದೆ. ಕಾಯಿಯಲ್ಲಿ ಮಾತ್ರ ಹೊಣೆಯೆಲ್ಲ ಜಿಎಲ್‌ಕೆ2ರದ್ದು, ಅದೂ ತೊಟ್ಟಿನ ಕಡೆ ಹೆಚ್ಚು, ತಳದ ಕಡೆ ಕಡಿಮೆ; ಹೆಗಲು ಮೂಡುವುದೇ ಈ ಏರಿಳಿತದಿಂದ. ತಳಿಗಾರರ ಕಣ್ಣೆದುರಿನ ಗಿಡ ಸೊಂಪಾಗಿತ್ತು, ಎಲೆ ಹಚ್ಚಗಿತ್ತು. ಕೊರತೆಯನ್ನು ಅನುಮಾನಿಸಲು ಅವರಿಗೆ ಕಾರಣವೇ ಇರಲಿಲ್ಲ.

ಹಣ್ಣಿನ ಸಕ್ಕರೆಯ ಬಹುಪಾಲು ಬರುವುದು ಎಲೆಗಳಿಂದಲೇ ಎಂಬುದು ನಿಜ. ಆದರೆ ಹಸಿರು ಕಾಯಿಯೂ ದ್ಯುತಿಸಂಶ್ಲೇಷಣೆ ನಡೆಸುತ್ತದೆ, ಹಣ್ಣಿಗೆ ಬೇಕಾದುದರಲ್ಲಿ ಶೇ. 20ರವರೆಗೂ ತಾನೇ ಒದಗಿಸಬಲ್ಲದು ಎಂದು ಅಂದಾಜಿಸಲಾಗಿದೆ. ಟೊಮೆಟೊ ಸಿಪ್ಪೆಯಲ್ಲಿ ಎಲೆಯಲ್ಲಿರುವಂತೆ ಗಾಳಿಯಾಡುವ ಪತ್ರರಂಧ್ರಗಳಿಲ್ಲ. ಆದ್ದರಿಂದ ಕಾಯಿ ತನ್ನದೇ ಉಸಿರಾಟದಲ್ಲಿ ಬಿಡುಗಡೆಯಾದ ಇಂಗಾಲದ ಡೈಆಕ್ಸೈಡನ್ನು ಒಳಗೇ ಹಿಡಿದು ಮತ್ತೆ ಬಳಸಿಕೊಳ್ಳುತ್ತದೆ. ಪೊವೆಲ್ ತಂಡ ಜಿಎಲ್‌ಕೆಯನ್ನು ಚುರುಕುಗೊಳಿಸಿದಾಗ ಕಾಯಿ ಇಡಿಯಾಗಿ ಕಡುಹಸಿರಾಯಿತು, ಮಾಗಿದ ಹಣ್ಣಿನಲ್ಲಿ ಸಕ್ಕರೆಯೂ ಕೆಂಪು ಬಣ್ಣ ಕೊಡುವ ಲೈಕೋಪೀನೂ ಹೆಚ್ಚಿದವು. ಕುಲಾಂತರಿ ಹಣ್ಣಾದ್ದರಿಂದ ಅದನ್ನು ತಿಂದು ನೋಡಲು ನಿಯಮ ಬಿಡಲಿಲ್ಲ. ಮೇಲಾಗಿ ರುಚಿಯೆಂದರೆ ಬರೀ ಸಕ್ಕರೆಯಲ್ಲ, ಹುಳಿಯೂ ಬೇಕು, ಘಮವೂ ಬೇಕು. ಹೀಗಾಗಿ ಪೇಟೆಯ ಟೊಮೆಟೊ ಸಪ್ಪೆಯಾಗಿರುವುದಕ್ಕೆಲ್ಲ ಇದೊಂದೇ ಕಾರಣ ಎಂದರೆ ತಪ್ಪಾದೀತು.

ಕಳೆದುಕೊಂಡದ್ದನ್ನು ಮರಳಿ ತರಲು ಕುಲಾಂತರಿ ತಂತ್ರಜ್ಞಾನವೇ ಬೇಕೆಂದಿಲ್ಲ. ಹೆಗಲಿನ ಗುಣ ಪ್ರಬಲವಾದದ್ದು, ಹೈಬ್ರಿಡ್‌ನ ತಂದೆತಾಯಿ ತಳಿಗಳಲ್ಲಿ ಒಂದರಲ್ಲಿದ್ದರೂ ಕಾಯಿಯಲ್ಲಿ ಕಾಣಿಸಿಕೊಳ್ಳುತ್ತದೆ. ಹಿಂದೆ ಅದನ್ನು ಗುರುತಿಸಲು ಗಿಡ ಕಾಯಿ ಬಿಡುವವರೆಗೆ ಕಾಯಬೇಕಿತ್ತು. ಈಗ ನರ್ಸರಿ ಟ್ರೇಯಲ್ಲಿ ನಾಲ್ಕು ಎಲೆ ಬಿಟ್ಟ ಸಸಿಯಿಂದ ಚೂರು ಎಲೆ ಚಿವುಟಿ ಡಿಎನ್‌ಎ ಪರೀಕ್ಷಿಸಿದರೆ ಸಾಕು, ಮುಂದೆ ಬಿಡುವ ಕಾಯಿಗೆ ಹೆಗಲಿರುತ್ತದೆಯೋ ಇಲ್ಲವೋ ತಿಳಿಯುತ್ತದೆ.